ಕಸ್ತೂರಿಗೆ ಅಳು ಬರಲಿಲ್ಲ

ಈರಣ್ಣ ತೀರಿಕೊಂಡ ಸುದ್ದಿ ಅವನ ಹೆಂಡತಿಯ ಕಿವಿಗೆ ಬಿದ್ದ ಕ್ಷಣವೇ ಧಾರವಾಡದ ಗ್ರಂಥಿ ಕೇಂದ್ರದ ಪರದೆಯ ಮೇಲೆ ಅದರ ಗುರುತು ಮೂಡಿತು. ಹಳೇ ಹುಬ್ಬಳ್ಳಿಯ ಕಸ್ತೂರಿ ಎಂಬ ಹೆಂಗಸಿನ ನಾಡಿಬಡಿತ ಒಮ್ಮೆಲೇ ಏರಿತು. ಜ್ವರವಿರಲಿಲ್ಲ, ಗಾಯವಿರಲಿಲ್ಲ, ರಕ್ತದಲ್ಲಿ ಸೋಂಕಿನ ಸುಳಿವಿರಲಿಲ್ಲ. ಯಂತ್ರ ಅದನ್ನು 'ಮನಸ್ಸಿನ ವಿಷಯ' ಎಂದು ಗುರುತು ಹಾಕಿ, ಹಳದಿಯಾಗಿದ್ದ ಗೆರೆಯನ್ನು ಮತ್ತೆ ಹಸಿರು ಮಾಡಿತು. ಪರದೆಯ ಮುಂದೆ ಕೂತಿದ್ದ ನರ್ಸ್ ತ್ರಿಶಲಾ ಅದನ್ನು ನೋಡಿದಳು, ನೋಡಿ ಚಹಾದ ಕಪ್ಪು ಎತ್ತಿಕೊಂಡಳು. ಅಂಥ ಗೆರೆಗಳು ದಿನವೂ ನೂರಾರು ಬರುತ್ತಿದ್ದವು. ಯಾರದೋ ಮನೆಯಲ್ಲಿ ಜಗಳ, ಯಾರದೋ ಮಗಳ ಪರೀಕ್ಷೆಯ ಫಲಿತಾಂಶ, ಯಾರೋ ನೋಡುತ್ತಿದ್ದ ಕ್ರಿಕೆಟ್ಟಿನ ಕೊನೆಯ ಓವರು.

ಕಸ್ತೂರಿಯ ಎರಡೂ ಅಡ್ರಿನಲ್ ಗ್ರಂಥಿಗಳು ಸತ್ತು ಹೋಗಿದ್ದವು. ಮೂತ್ರಪಿಂಡಗಳ ನೆತ್ತಿಯ ಮೇಲೆ ಟೊಪ್ಪಿಗೆಯಂತೆ ಕೂತಿರುವ ಈ ಗ್ರಂಥಿಗಳನ್ನು ಹಳೆಯ ಕ್ಷಯ ಒಳಗೊಳಗೇ ತಿಂದಿತ್ತು. ಅಲ್ಲಿಂದ ಒಸರುವ ಕಾರ್ಟಿಸಾಲ್ ಎಂಬ ಹಾರ್ಮೋನು ಇಲ್ಲದಿದ್ದರೆ ಮನುಷ್ಯ ಹಾಸಿಗೆಯಿಂದ ಏಳಲಾರ. ರಕ್ತದ ಒತ್ತಡ ನಿಲ್ಲುವುದಿಲ್ಲ, ಸಕ್ಕರೆ ಇಳಿಯುತ್ತದೆ. ಉಪ್ಪನ್ನು ಹಿಡಿದಿಡುವ ಇನ್ನೊಂದು ಹಾರ್ಮೋನೂ ಅಲ್ಲಿಂದಲೇ ಬರಬೇಕು. ಆರೋಗ್ಯವಂತರ ಮೈ ಜ್ವರ ಬಂದರೆ, ಪೆಟ್ಟು ಬಿದ್ದರೆ, ಎದೆ ನಡುಗಿಸುವ ಸುದ್ದಿ ಬಂದರೆ ಕಾರ್ಟಿಸಾಲನ್ನು ತಾನಾಗಿಯೇ ಹೆಚ್ಚಿಸಿಕೊಳ್ಳುತ್ತದೆ. ಕಸ್ತೂರಿಯ ಮೈಗೆ ಆ ಶಕ್ತಿ ಇರಲಿಲ್ಲ. ಅವಳ ಹೊಟ್ಟೆಯ ಚರ್ಮದ ಕೆಳಗೆ ಬೆಂಕಿಪೊಟ್ಟಣದಷ್ಟು ದೊಡ್ಡ ಕೃತಕ ಗ್ರಂಥಿಯನ್ನು ಇಟ್ಟಿದ್ದರು. ಜನ ಅದನ್ನು ಡಬ್ಬಿ ಎನ್ನುತ್ತಿದ್ದರು. ಅದು ಎರಡೂ ಹಾರ್ಮೋನುಗಳನ್ನು ಬೇಕಾದಷ್ಟು ಸುರಿಸುತ್ತಿತ್ತು. ಒಂದು ಮೂಲೆಯಲ್ಲಿ ಆಪತ್ತಿಗೆಂದು ಕಾರ್ಟಿಸಾಲಿನ ದೊಡ್ಡ ಪಾಲೊಂದು ಕಾದಿರುತ್ತಿತ್ತು. ಕೈಗೆ ಕಟ್ಟಿದ ಪಟ್ಟಿ ನಾಡಿ, ಒತ್ತಡ, ಸಕ್ಕರೆಗಳನ್ನು ಅಳೆದು ಧಾರವಾಡಕ್ಕೆ ಕಳಿಸುತ್ತಿತ್ತು. ಧಾರವಾಡದ ಆಜ್ಞೆ ಡಬ್ಬಿಗೆ ಮುಟ್ಟುತ್ತಿದ್ದುದೂ ಆ ಪಟ್ಟಿಯ ಮೂಲಕವೇ.

ಮೊದಮೊದಲು ಬಂದ ಡಬ್ಬಿಗಳು ಎದೆ ಬಡಿದಾಗಲೆಲ್ಲ ಹಾರ್ಮೋನು ಸುರಿಸುತ್ತಿದ್ದವು. ಧಾರಾವಾಹಿ ನೋಡಿದರೂ ಸುರಿತ, ಗಂಡ ತಡವಾಗಿ ಬಂದರೂ ಸುರಿತ. ಎರಡು ವರ್ಷದಲ್ಲಿ ಜನರ ಮುಖ ಊದಿ ಚಂದ್ರನಂತಾಯಿತು, ಎಲುಬು ಟೊಳ್ಳಾಯಿತು, ಸಕ್ಕರೆ ಕಾಯಿಲೆ ಬಂತು. ಆಮೇಲೆ ಕೇಂದ್ರದವರು ಸೋಸುಕವೊಂದನ್ನು, ಅಂದರೆ ಫಿಲ್ಟರನ್ನು, ಅಳವಡಿಸಿದರು. ಮೈಯ ಕಷ್ಟಕ್ಕೆ ಮಾತ್ರ ಹೆಚ್ಚಿನ ಪಾಲು. ಮನಸ್ಸಿನ ಕಷ್ಟವನ್ನು ಬಿಟ್ಟುಬಿಡುವುದು. ಹೆಚ್ಚುಕಡಿಮೆ ಯಾವಾಗಲೂ ಅದು ಸರಿಯಾಗಿಯೇ ಇರುತ್ತಿತ್ತು. ಡಬ್ಬಿಯ ಮೇಲೆ ಭರವಸೆ ಬಂದಂತೆ, ಆಪತ್ತಿಗೆಂದು ಮನೆಯಲ್ಲಿ ಚುಚ್ಚುಮದ್ದು ಇಟ್ಟುಕೊಳ್ಳುವ ರೂಢಿಯೂ ತಪ್ಪಿಹೋಯಿತು.

ಈರಣ್ಣ ಸಿಟಿ ಬಸ್ಸಿನ ಡ್ರೈವರ್. ಬೆಳಗಿನ ಮೊದಲ ಟ್ರಿಪ್ಪು ಮುಗಿಸಿ ಡಿಪೋದ ವಿಶ್ರಾಂತಿ ಕೋಣೆಯಲ್ಲಿ ಬೂಟು ಬಿಚ್ಚಲು ಬಗ್ಗಿದವನು ಮೇಲೇಳಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅವನನ್ನು ಮನೆಗೆ ತಂದು, ಗೋಡೆಗೆ ಒರಗಿಸಿ ಕೂರಿಸಿ, ಹಣೆಗೆ ವಿಭೂತಿ ಬಳಿದು, ಕೊರಳಿಗೆ ಹಾರ ಹಾಕಿದರು. ಬಾಗಿಲಲ್ಲಿ ಭಜನೆಯವರು ಕೂತರು.

ಕಸ್ತೂರಿ ಮನೆಯಲ್ಲೇ ರೊಟ್ಟಿ ಕೇಂದ್ರ ನಡೆಸುತ್ತಿದ್ದಳು. ಸುದ್ದಿ ಬಂದಾಗ ಕೈಯಲ್ಲಿ ಹಿಟ್ಟಿತ್ತು. ಯಾರೋ ಕೈ ತೊಳೆಸಿ ಗಂಡನ ಪಕ್ಕಕ್ಕೆ ತಂದು ಕೂರಿಸಿದರು. ಅವಳು ಅವನ ಮೊಣಕಾಲನ್ನು ನೋಡುತ್ತ ಕೂತಳು. ಮುಖ ನೋಡಲಿಲ್ಲ.

ನವಲಗುಂದದಿಂದ ಈರಣ್ಣನ ಅಕ್ಕ ನೀಲವ್ವ ಬಂದಳು. ತಾಯಿ ಸತ್ತ ಮೇಲೆ ತಮ್ಮನನ್ನು ಬೆಳೆಸಿದವಳು ಅವಳೇ. ಓಣಿಯ ತುದಿಯಿಂದಲೇ ಎದೆ ಬಡಿದುಕೊಳ್ಳುತ್ತ ಬಂದವಳು ತಮ್ಮನ ಕಾಲಿಗೆ ಬಿದ್ದು ಅತ್ತಳು. ಅತ್ತು ದಣಿದ ಮೇಲೆ ಹಿರಿಯಳಾಗಿ ಮನೆಯ ಹೊಣೆ ಹೊತ್ತಳು. ಆ ಮನೆತನದ ರೂಢಿಯಂತೆ ಕಸ್ತೂರಿಯ ಕೈಯ ಬಳೆಗಳನ್ನು ತೆಗೆದಳು. ಬಳೆಗಳ ಜೊತೆಗೇ ಕೈಗಿದ್ದ ಪಟ್ಟಿಯನ್ನೂ ಬಿಚ್ಚಿದಳು. ಬರಿ ಕೈ ಆಗಬೇಕಿತ್ತು. ಎಲ್ಲವನ್ನೂ ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿ, ಮಣ್ಣಿಗೆ ಜೊತೆಯಲ್ಲಿ ಹೋಗಲೆಂದು ತಮ್ಮನ ತೊಡೆಯ ಮೇಲೆ ಇಟ್ಟಳು. ಮಗಳು ಭುವನಾ ಹಿತ್ತಲಲ್ಲಿ ನೀರು ಕಾಯಿಸುತ್ತಿದ್ದಳು. ಅವಳು ನೋಡಲಿಲ್ಲ. ಕಸ್ತೂರಿ ನೋಡಿದಳು. ಏನೋ ಹೇಳಬೇಕೆನಿಸಿತು, ಆದರೆ ಬಾಯಿಯವರೆಗೆ ಮಾತನ್ನು ತರುವುದು ಬಹಳ ದೂರದ ಕೆಲಸವೆನಿಸಿ ಬಿಟ್ಟುಬಿಟ್ಟಳು.

"ಅಳಸ್ರಿ ಅಕಿನ್ನ," ಎಂದಳು ನೆರೆಯ ಮುದುಕಿಯೊಬ್ಬಳು. "ಹಿಂಗ ಕುಂತ್ರ ಎದಿ ಹಿಡಕೋತೈತಿ."

"ಕಸ್ತೂರಿ, ಅಳವಾ," ಎಂದು ನೀಲವ್ವ ಅವಳ ಗದ್ದ ಹಿಡಿದು ಎತ್ತಿದಳು. "ನೋಡಿಲ್ಲೆ, ನಿನ್ನ ಗಂಡ ಹೊಂಟಾನ. ಒಮ್ಮೆ ನೋಡ."

ಕಸ್ತೂರಿ ನೋಡಿದಳು. ಹಾರ ಕಂಡಿತು, ವಿಭೂತಿ ಕಂಡಿತು. ಇನ್ನೇನೂ ಆಗಲಿಲ್ಲ. ಸುತ್ತಲಿನ ಅಳು ಪಕ್ಕದ ಮನೆಯ ರೇಡಿಯೋದಂತೆ ಕೇಳುತ್ತಿತ್ತು. ಎರಡು ಸಲ ಹಿತ್ತಲಿಗೆ ಕರೆದೊಯ್ಯುವಷ್ಟರಲ್ಲೇ ವಾಂತಿ ಮಾಡಿಕೊಂಡಳು. ಸಾವಿನ ಮನೆಯಲ್ಲಿ ಒಲೆ ಹಚ್ಚಿರಲಿಲ್ಲ, ಬೆಳಗಿನಿಂದ ಅವಳು ನೀರೂ ಕುಡಿದಿರಲಿಲ್ಲ. ನೀಲವ್ವ ಬೆನ್ನಿಗೆ ಜೋರಾಗಿ ಗುದ್ದಿ, "ಅಳ!" ಎಂದು ತಾನೇ ಅತ್ತಳು. ಕಸ್ತೂರಿ ಗುದ್ದಿದ ಕಡೆಗೆ ಸ್ವಲ್ಪ ವಾಲಿ, ಮತ್ತೆ ನೆಟ್ಟಗಾದಳು.

ಧಾರವಾಡದಲ್ಲಿ ಅವಳ ಗೆರೆ ಬೂದು ಬಣ್ಣಕ್ಕೆ ತಿರುಗಿತ್ತು. ಪಟ್ಟಿ ಬಿಚ್ಚಿದೆ ಎಂದು ಅದರ ಅರ್ಥ. ಸ್ನಾನಕ್ಕೆ ಹೋದವರದೂ ಹೀಗೇ ಆಗುತ್ತದೆ. ಆದರೆ ಬಹಳ ಹೊತ್ತಾದರೂ ಬೂದು ಹೋಗಲಿಲ್ಲ. ತ್ರಿಶಲಾ ಗೆರೆಯನ್ನು ಹಿಂದಕ್ಕೆ ಎಳೆದು ನೋಡಿದಳು. ಬೆಳಗಿನ ಆ ಏರು ಇತ್ತು. ಆಮೇಲೆ ಒತ್ತಡ ಮೆಲ್ಲಗೆ, ಯಾವ ಎಚ್ಚರಿಕೆಯೂ ಮೊಳಗದಷ್ಟು ಮೆಲ್ಲಗೆ ಇಳಿಯುತ್ತ ಬಂದಿತ್ತು. ಅವಳು ಫೋನ್ ಮಾಡಿದಳು. ಎತ್ತಿದವಳು ನೀಲವ್ವ.

"ಗ್ರಂಥಿ ಕೇಂದ್ರದಿಂದ ಮಾತಾಡಾಕತ್ತೀನ್ರಿ, ತ್ರಿಶಲಾ ಅಂತ. ಕಸ್ತೂರಿ ಅಕ್ಕಾರು ಕೈಪಟ್ಟಿ ಬಿಚ್ಚಿಟ್ಟಂಗೈತಿ. ಹಾಕ್ಕೊಳ್ಳಾಕ ಹೇಳ್ರಿ."

"ಇಲ್ಲೆ ನನ್ನ ತಮ್ಮ ಸತ್ತಾನವಾ. ಅಕಿ ಗಂಡ. ಪಟ್ಟಿ ಗಿಟ್ಟಿ ಮಾತಾಡೂ ಹೊತ್ತಲ್ಲ ಇದು. ಫೋನ್ ಇಡ."

"ಇಡಬ್ಯಾಡ್ರಿ, ಒಂದ ಮಾತು. ಅಕ್ಕಾರು ಅಳಾಕತ್ತಾರೇನ್ರಿ?"

"ಎಲ್ಲೀ ಅಳು? ಕಲ್ಲಾಗಿ ಕುಂತಾಳ. ಕರದ್ರ ಓ ಅನ್ನವಲ್ಲಳು."

"ಮೈ ಮುಟ್ಟಿ ನೋಡೀರೇನ್ರಿ? ಬೆವರೈತೇನ್ರಿ?"

ನೀಲವ್ವ ಹೋಗಿ ಮುಟ್ಟಿ ಬರುವವರೆಗೆ ಫೋನಿನಲ್ಲಿ ಭಜನೆಯ ತಾಳ ಕೇಳಿಸಿತು. "ತಣ್ಣಗದಾಳ," ಎಂದಳು ನೀಲವ್ವ. ದನಿ ಬದಲಾಗಿತ್ತು. "ಬೆವತು ತಣ್ಣಗಾಗ್ಯಾಳ. ಎರಡ ಸಲ ಕಾರಿಕೊಂಡ್ಳು. ಯಾಕವಾ?"

ತ್ರಿಶಲಾ ಫೋನನ್ನು ಹಾಗೇ ಹಿಡಿದು, ಒಳಗಿನ ಕೋಣೆಯಲ್ಲಿದ್ದ ಡಾಕ್ಟರ್ ಹೆರೂರರನ್ನು ಕರೆದಳು. ಅವರು ಗೆರೆ ನೋಡಿದರು.

"ಗಂಡ ಸತ್ತಾಗ ಮಂದಿ ಹಂಗ ಕೂಡ್ತಾರ ತ್ರಿಶಲಾ. ದುಃಖದಾಗ ವಾಂತೀನೂ ಆಗ್ತೈತಿ."

"ಹೌದ್ರಿ ಸರ್. ಅಡ್ರಿನಲ್ ಕುಸಿದಾಗೂ ಹಂಗಽ ಕೂಡ್ತಾರ."

ಹೆರೂರ ಗೆರೆಯನ್ನು ಮತ್ತೊಮ್ಮೆ ನೋಡಿದರು. ಎರಡಕ್ಕೂ ಹೊರಗಿನಿಂದ ಒಂದೇ ಮುಖ. ಮಾತು ನಿಲ್ಲುತ್ತದೆ, ಕಣ್ಣು ನಿಲ್ಲುತ್ತದೆ, ಕರೆದರೆ ತಿರುಗುವುದಿಲ್ಲ. ದುಃಖವಾದರೆ ಕಾಯಬಹುದು. ಇನ್ನೊಂದಾದರೆ ಹೆಣ ಎತ್ತುವ ಹೊತ್ತಿಗೆ ಮನೆಯಲ್ಲಿ ಎರಡನೆಯದೂ ಸಿದ್ಧವಾಗಿರುತ್ತದೆ.

"ಪಟ್ಟಿ ಹಾಕಸ್ರಿ," ಎಂದರು. "ಅದಿಲ್ಲದ ನಾವ ಇಲ್ಲಿಂದ ಏನೂ ಮಾಡಾಕ ಬರೂದಿಲ್ಲ. ನಾ ಆಂಬುಲೆನ್ಸ್ ಕಳಸ್ತೀನಿ."

ಫೋನು ಈಗ ಭುವನಾಳ ಕೈಗೆ ಬಂದಿತ್ತು. ಪಟ್ಟಿ ಎಲ್ಲಿದೆ ಎಂದು ಅವಳು ಅತ್ತೆಯನ್ನು ಕೇಳಿದಳು. ನೀಲವ್ವ ಕಣ್ಣಿನಿಂದ ತೋರಿಸಿದಳು. ಅಪ್ಪನ ತೊಡೆಯ ಮೇಲೆ ಆ ಬಿಳಿ ಗಂಟಿತ್ತು. ಭುವನಾ ಮುಂದೆ ಹೋಗಿ ಕೈ ಚಾಚಿದಾಗ, "ಅದನ್ನ ಮುಟ್ಟಬಾರದವಾ, ಅದು ಅವನ ಜೋಡಿ ಹೋಗೂದು," ಎಂದು ಮುದುಕಿ ತಡೆದಳು. ಇನ್ನಿಬ್ಬರು ಹೆಂಗಸರು ಭುವನಾಳ ತೋಳು ಹಿಡಿದರು. ದುಃಖಕ್ಕೆ ಹುಡುಗಿಯ ತಲೆ ಕೆಟ್ಟಿದೆ ಎಂದುಕೊಂಡರು.

"ಅತ್ತೀ, ಅವ್ವ ಸಾಯಾಕತ್ತಾಳ. ದುಃಖ ಅಲ್ಲಂತ ಅದು," ಎಂದಳು ಭುವನಾ.

ಹಗ್ಗದಂತೆ ಬಿಗಿದು ಗಂಟು ಹಾಕಿದವಳು ನೀಲವ್ವನೇ. ಅವಳು ಎದ್ದು ಹೋಗಿ, ತಮ್ಮನ ತೊಡೆಯ ಮೇಲಿಂದ ಗಂಟು ಎತ್ತಿ, ಕೈಯಿಂದ ಬಿಚ್ಚಲಾಗದೆ ಹಲ್ಲಿನಿಂದ ಕಚ್ಚಿ ಎಳೆದಳು. ಹಸಿರು ಬಳೆಗಳು ನೆಲಕ್ಕೆ ಚೆಲ್ಲಿದವು. ಪಟ್ಟಿಯನ್ನು ಭುವನಾಳ ಕೈಗೆ ಕೊಟ್ಟು, "ಕಟ್ಟ," ಎಂದಳು.

ಧಾರವಾಡದ ಪರದೆಯ ಮೇಲೆ ಬೂದು ಹೋಗಿ ಕೆಂಪು ಬಂತು. ಮೇಲಿನ ಒತ್ತಡ ಎಪ್ಪತ್ತಕ್ಕಿಂತ ಕೆಳಗಿತ್ತು, ಸಕ್ಕರೆಯೂ ತಳ ಕಂಡಿತ್ತು. ಆಪತ್ತಿನ ಪಾಲು ಬಿಡಲು ಹೆರೂರ ತಮ್ಮ ಬೆರಳಚ್ಚು ಒತ್ತಿದರು, ತ್ರಿಶಲಾ ತನ್ನದು ಒತ್ತಿದಳು. ಹಳೇ ಹುಬ್ಬಳ್ಳಿಯ ಒಂದು ಮನೆಯಲ್ಲಿ, ಹೆಣದ ಪಕ್ಕದಲ್ಲಿ ಕೂತ ಹೆಂಗಸಿನ ಹೊಟ್ಟೆಯೊಳಗೆ ಡಬ್ಬಿಯ ಮೂಲೆಯೊಂದು ತೆರೆದುಕೊಂಡಿತು.

ಆಂಬುಲೆನ್ಸ್ ಬಂದಾಗ ಈರಣ್ಣನನ್ನು ಹೂವಿನ ವಿಮಾನವೆಂಬ ಚಟ್ಟದಲ್ಲಿ ಕೂರಿಸಿ ಎತ್ತಿದ್ದರು. ಓಣಿ ಇಕ್ಕಟ್ಟು. ಸ್ಟ್ರೆಚರಿನ ಮೇಲೆ ಕಸ್ತೂರಿಯನ್ನು ತಂದು ಗಾಡಿಗೆ ಹಾಕುವಷ್ಟರಲ್ಲಿ ಭಜನೆಯವರು ಓಣಿಯ ಬಾಯಿ ಮುಟ್ಟಿದ್ದರು. ಯಾರೋ ಕೂಗಿ ಹೇಳಿದರು. ವಿಮಾನ ಹೊತ್ತವರು ಗೋಡೆಯ ಮಗ್ಗುಲಿಗೆ ಸರಿದು ನಿಂತು ದಾರಿ ಬಿಟ್ಟರು. ಕಸ್ತೂರಿಯ ತೋಳಿನಲ್ಲಿ ಸಲೈನು ಇಳಿಯುತ್ತಿತ್ತು. ಕಣ್ಣು ತೆರೆದಿತ್ತು. ಕಿಟಕಿಯಲ್ಲಿ ಚೆಂಡುಹೂವಿನ ಅಂಚು ಸರಿದು ಹೋಯಿತು. ಅದು ಏನೆಂದು ಅವಳಿಗೆ ಗೊತ್ತಾಯಿತು, ಗೊತ್ತಾದದ್ದು ಅಷ್ಟೇ.

ಮರುದಿನ ಆಸ್ಪತ್ರೆಯಲ್ಲಿ ಎದ್ದು ಕೂತು ಗಂಜಿ ಕುಡಿದಳು. "ಮಣ್ಣಾತೇನು?" ಎಂದು ಮಗಳನ್ನು ಕೇಳಿದಳು.

"ಆತವ್ವಾ."

"ಮಂದಿ ಬಾಳ ಬಂದಿದ್ರೇನು?"

"ಬಂದಿದ್ರು. ಡಿಪೋದವರೆಲ್ಲಾ ಬಂದಿದ್ರು."

ಕಸ್ತೂರಿ ತಲೆಯಾಡಿಸಿ ಗಂಜಿಗೆ ಇನ್ನಷ್ಟು ಉಪ್ಪು ಕೇಳಿದಳು.

ಕೇಂದ್ರದಲ್ಲಿ ಈ ವಿಷಯಕ್ಕೆ ಒಂದು ಸಭೆ ಸೇರಿತು. ಮನೆಯಲ್ಲಿ ಸಾವಾದರೆ ಸೋಸುಕವನ್ನು ತೆಗೆದು, ಕೇಳದೆಯೇ ಹೆಚ್ಚಿನ ಪಾಲು ಕೊಡಬೇಕೆಂದು ಎಲ್ಲರೂ ಒಪ್ಪಿದರು. ಯಾರು ಸತ್ತರೆ ಎನ್ನುವಲ್ಲಿ ಮಾತು ಬೆಳೆಯಿತು. ಗಂಡ, ಹೆಂಡತಿ, ಮಕ್ಕಳು, ತಂದೆತಾಯಿ ಎಂದರು ಒಬ್ಬರು. ಒಡಹುಟ್ಟಿದವರನ್ನು ಸೇರಿಸಬೇಕೆಂದರು ಇನ್ನೊಬ್ಬರು. ಗೆಳತಿ ಸತ್ತರೆ ಎಂದು ತ್ರಿಶಲಾ ಕೇಳಿದಳು. ಅದನ್ನು ಮುಂದಿನ ಸಭೆಗೆ ಇಟ್ಟುಕೊಂಡರು.

ಕಸ್ತೂರಿ ರೊಟ್ಟಿ ಬಡಿಯಲು ಶುರು ಮಾಡಿದಳು. ಹೊತ್ತಿಗೆ ಸರಿಯಾಗಿ ಏಳುತ್ತಿದ್ದಳು, ಗಿರಾಕಿಗಳ ಹೆಸರು ಮರೆಯುತ್ತಿರಲಿಲ್ಲ. ಈರಣ್ಣನ ಅಂಗಿಗಳನ್ನು ಯಾರಿಗೋ ಕೊಡುವಾಗ ಗುಂಡಿ ಕಿತ್ತಿದ್ದ ಒಂದಕ್ಕೆ ಗುಂಡಿ ಹಚ್ಚಿ ಕೊಟ್ಟಳು. ಅಳಲಿಲ್ಲ. ದಿನಕರ್ಮಕ್ಕೆ ಬಂದ ಹೆಂಗಸರು ಅವಳ ಮುಖ ನೋಡಿ, ಬಾಗಿಲಾಚೆ ಹೋಗಿ ಮಾತಾಡಿಕೊಂಡರು. ನೀಲವ್ವ ಮಾತ್ರ ಬಾಗಿಲೊಳಗೇ ಹೇಳಿದಳು: "ನಿನ್ನ ತಪ್ಪಲ್ಲವಾ. ಆ ಡಬ್ಬಿ ಕುಡದೈತಿ ನಿನ್ನ ಕಣ್ಣೀರು. ಮನಸ್ಸಿನ ವಿಷಯ ಸೋಸತೈತಿ ಅಂತ ಅವರಽ ಹೇಳ್ತಾರಲ್ಲ."

ಎರಡು ತಿಂಗಳಿಗೊಮ್ಮೆ ಡಬ್ಬಿಗೆ ಔಷಧ ತುಂಬಿಸಬೇಕು. ಆ ದಿನ ಬಂತು, ಕಸ್ತೂರಿ ಹೋಗಲಿಲ್ಲ. ನಾಳೆ ಎಂದಳು, ನಾಡಿದ್ದು ಎಂದಳು. ಭುವನಾ ಹೆದರಿ ತ್ರಿಶಲಾಗೆ ಫೋನ್ ಮಾಡಿದಳು. ಪರದೆಯ ಮೇಲೂ ಡಬ್ಬಿಯ ಮಟ್ಟ ಇಳಿಯುತ್ತಿರುವುದು ಕಾಣುತ್ತಿತ್ತು. ರಜೆಯ ದಿನ ತ್ರಿಶಲಾ ಬಸ್ಸು ಹಿಡಿದು ಹಳೇ ಹುಬ್ಬಳ್ಳಿಗೆ ಬಂದಳು.

ಕಸ್ತೂರಿ ಒಲೆಯ ಮುಂದೆ ಇದ್ದಳು. "ಕೂಡ್ರಿ," ಎಂದು ಮಣೆ ಸರಿಸಿ, ಬಿಸಿ ರೊಟ್ಟಿಗೆ ಶೇಂಗಾ ಚಟ್ನಿ, ಮೊಸರು ಹಾಕಿ ಕೊಟ್ಟಳು. ತ್ರಿಶಲಾ ತಿಂದಳು. ಇಬ್ಬರೂ ಒಬ್ಬರನ್ನೊಬ್ಬರು ಮೊದಲ ಸಲ ನೋಡುತ್ತಿದ್ದರು.

"ನೀವಽ ಏನು ಅವತ್ತ ಫೋನ್ ಮಾಡಿದಾಕಿ?"

"ಹೌದ್ರಿ ಅಕ್ಕಾರ. ಔಷಧ ತುಂಬಿಸಾಕ ಯಾಕ ಬರಲಿಲ್ಲ?"

ಕಸ್ತೂರಿ ಹಿಟ್ಟಿನ ಮುದ್ದೆಯನ್ನು ಅಂಗೈಯಲ್ಲಿ ತಿರುಗಿಸಿದಳು. "ಖಾಲಿ ಆಗ್ಲಿ ಒಮ್ಮೆ, ನೋಡೂಣು ಅಂತ."

"ಖಾಲಿ ಆದ್ರ ಅಳು ಬರೂದಿಲ್ರಿ. ನಿದ್ದಿ ಬರ್ತೈತಿ. ಆಮ್ಯಾಲ ಏಳೂದಽ ಇಲ್ಲ."

"ಗೊತ್ತೈತಿ. ನನ್ನ ಮೈ ಅದನ್ನ ನೋಡೈತಿ." ರೊಟ್ಟಿಯನ್ನು ಹಂಚಿಗೆ ಹಾಕಿ ನೀರು ಸವರಿದಳು. "ರೋಗ ಐತಿ ಅಂತ ಗೊತ್ತಾಗೂಕಿಂತ ಮೊದಲು ಹಂಗಽ ಇದ್ನಿ. ಮೈ ಕಪ್ಪಾತು, ಕದ್ದು ಉಪ್ಪು ತಿಂತಿದ್ನಿ. ಆಗ ಏನೂ ಬ್ಯಾಡಾಗಿತ್ತು. ಭುವನಾ ಬಂದು ಪಕ್ಕ ಕುಂತ್ರೂ ಬ್ಯಾಡಾಗಿತ್ತು. ನಮ್ಮನಿಯವರು ಊಟ ಮಾಡಸಾಕ ಬಂದ್ರ, ಯಾಕ ಬಂದ ಇಂವಾ ಅನಸ್ತಿತ್ತು. ಈಗ ಹಂಗಲ್ಲ. ಈಗ ಬೇಕು. ಅಳೂದು ಬೇಕು ಅನಸ್ತೈತಿ, ಬರವಲ್ದು."

ತ್ರಿಶಲಾ ಈ ವ್ಯತ್ಯಾಸವನ್ನು ಯಾವ ಪುಸ್ತಕದಲ್ಲೂ ಓದಿರಲಿಲ್ಲ. ಪರದೆಯ ಮೇಲೆ ಇದಕ್ಕೆ ಬೇರೆ ಗೆರೆ ಇರಲಿಲ್ಲ.

"ಸ್ವಲ್ಪ ಹೆಚ್ಚು ಕಡಿಮಿ ಮಾಡಿ ನೋಡ್ರಲ್ಲ," ಎಂದಳು ಕಸ್ತೂರಿ. "ಅಲ್ಲೇ ಕುಂತ ಮಾಡ್ತೀರಂತಲ್ಲ ನೀವು. ಒಂದ ದಿನದ ಮಟ್ಟಿಗೆ. ಮಣ್ಣ ಕೊಡಾಕೂ ಹೋಗಲಿಲ್ಲ ನಾ."

"ಅಳಸೂ ಹಾರ್ಮೋನು ಅಂತ ಇಲ್ರಿ ಅಕ್ಕಾರ. ಇದ್ದಿದ್ರ ಕಳಸ್ತಿದ್ನಿ." ತ್ರಿಶಲಾ ತಾಟು ಬದಿಗಿಟ್ಟಳು. "ಬರ್ರಿ ನೀವು. ಬರೀ ಇದೊಂದಽ ಅಲ್ಲ, ಥೈರಾಯ್ಡು, ಮಿದುಳಿನ ಗ್ರಂಥಿ, ಎಲ್ಲಾದ್ರದೂ ರಕ್ತ ನೋಡ್ತೀವಿ. ಏನರ ಕಡಿಮಿ ಇದ್ರ ತುಂಬಸ್ತೀವಿ. ಇಲ್ಲಾಂದ್ರ ಇಲ್ಲ ಅಂತ ಖರೇ ಹೇಳ್ತೀವಿ."

ಕಸ್ತೂರಿ ಹಂಚಿನ ಮೇಲಿನ ರೊಟ್ಟಿಯನ್ನು ಮಗುಚಿದಳು. "ಖರೇ ಹೇಳಬೇಕು ಮತ್ತ," ಎಂದಳು.

ಮರುದಿನ ಭುವನಾಳ ಜೊತೆ ಧಾರವಾಡಕ್ಕೆ ಹೋಗಿ ರಕ್ತ ಕೊಟ್ಟಳು. ಸಂಜೆಗೆ ಫಲಿತಾಂಶ ಬಂತು. ಹೆರೂರ ಅದನ್ನು ಎರಡು ಸಲ ಓದಿದರು. ಏನಾದರೊಂದು ಕಡಿಮೆ ಇದ್ದಿದ್ದರೆ ಅವರಿಗೂ ಹಗುರಾಗುತ್ತಿತ್ತು. ಥೈರಾಯ್ಡು, ಮಿದುಳಿನ ಗ್ರಂಥಿ ಎರಡೂ ಸರಿಯಿದ್ದವು. ಕಾರ್ಟಿಸಾಲು, ಉಪ್ಪು, ಸಕ್ಕರೆ ಎಲ್ಲವೂ ಇರಬೇಕಾದಲ್ಲೇ ಇದ್ದವು.

"ಎಲ್ಲಾ ಸರಿ ಐತ್ರಿ," ಎಂದರು.

"ಎಲ್ಲಾ ಸರಿ ಇದ್ರ ಯಾಕ ಹಿಂಗ?"

"ಇದು ಗ್ರಂಥಿ ರೋಗ ಅಲ್ರಿ. ಅವತ್ತಿಂದು ರೋಗ. ಅವತ್ತು ನಿಮ್ಮ ಮೈ ನಿಂತಿತ್ತು, ನಾವು ನಡಸಿದ್ವಿ. ಇವತ್ತಿಂದಕ್ಕ ನಮ್ಮ ಕಡೆ ಔಷಧ ಇಲ್ಲ. ಮಾತಾಡಬೇಕು ಅನಿಸಿದ್ರ ಅದಕ್ಕ ಬ್ಯಾರೆ ಡಾಕ್ಟರ್ ಅದಾರ, ಕಳಸ್ತೀನಿ."

"ಡಬ್ಬಿ ಮಾಡಿದ್ದಲ್ಲ ಹಂಗಾರ?"

"ಅಲ್ರಿ. ಡಬ್ಬಿ ಕಣ್ಣೀರ ಮುಟ್ಟೂದಿಲ್ಲ."

ಕಸ್ತೂರಿ ತನ್ನ ಬರಿ ಮಣಿಕಟ್ಟನ್ನೂ ಪಟ್ಟಿಯಿದ್ದ ಇನ್ನೊಂದನ್ನೂ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು. ಹೊರಗೆ ಯಾರದೋ ಹೆಸರು ಕರೆಯುತ್ತಿದ್ದರು. "ಹಂಗಾರ ಇದು ನಂದಽ," ಎಂದಳು.

ಹೆರೂರ ಫಲಿತಾಂಶದ ಹಾಳೆಯನ್ನು ಅವಳ ಮುಂದೆ ಸರಿಸಿದರು.

"ನಿಮ್ಮ ಅತ್ತೀಗೆ ಹೇಳ," ಎಂದು ಮಗಳ ಕಡೆ ತಿರುಗಿದಳು. "ಡಬ್ಬಿಗೆ ಬೈಯೂದ ಬ್ಯಾಡ. ಯಾರೂ ಕುಡದಿಲ್ಲ. ಇನ್ನ ಬಂದಿಲ್ಲ, ಅಷ್ಟ."

ಔಷಧ ತುಂಬುವ ಕೋಣೆಯಲ್ಲಿ ಮಂಚದ ಮೇಲೆ ಮಲಗಿ ಸೆರಗು ಸರಿಸಿದಳು. ತ್ರಿಶಲಾ ಚರ್ಮದ ಮೇಲೆ ತಣ್ಣನೆಯ ಸ್ಪಿರಿಟ್ ಒರೆಸಿ, ಡಬ್ಬಿಯ ಅಂಚನ್ನು ಬೆರಳಿನಿಂದ ಹುಡುಕಿ, ಉದ್ದನೆಯ ಸೂಜಿಯನ್ನು ಒಳಗಿಳಿಸಿದಳು. ಕಸ್ತೂರಿ ಚಾವಣಿ ನೋಡುತ್ತಿದ್ದಳು.

"ನೋವಾತೇನ್ರಿ ಅಕ್ಕಾರ?"

"ಆತು," ಎಂದಳು ಕಸ್ತೂರಿ.